ಹಿಂದೆ ಬಸ್ಸಿನ ಹಾರ್ನ್, ಎಡಕ್ಕೆ ಕೆಸರು

ಬಿ.ಸಿ.ರೋಡಿನಲ್ಲಿ ಬೆಂಗಳೂರು ಹೆದ್ದಾರಿ ಬಿಟ್ಟು ರಾಷ್ಟ್ರೀಯ ಹೆದ್ದಾರಿ 73ಕ್ಕೆ ಹೊರಳಿದರೆ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ. ಗುರುವಾಯನಕೆರೆಯಿಂದ ವೇಣೂರಿನ ಮೇಲೆ ಹೋದರೆ ಮೂಡುಬಿದಿರೆ. ಅಲ್ಲಿಂದ ಸಿದ್ದಕಟ್ಟೆಯ ದಾರಿ ಹಿಡಿದರೆ ಮತ್ತೆ ಬಂಟ್ವಾಳ. ಹೊಸದಾಗಿ ಸ್ಟೀರಿಂಗ್ ಹಿಡಿದವರಿಗೆ ಏರು, ಇಳಿತ, ತಿರುವು ಎಲ್ಲವೂ ಇದೊಂದೇ ಸುತ್ತಿನಲ್ಲಿ ಸಿಗುತ್ತವೆ.

ಕಾನೂನಿನ ಪ್ರಕಾರ ಎಲ್‌ಎಲ್‌ಆರ್ 6 ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನ ಕಳೆದ ಮೇಲೆ ಪರೀಕ್ಷೆಗೆ ನಿಲ್ಲಬಹುದು. ಬಹಳಷ್ಟು ಜನ ಆ 30 ದಿನ ಮುಗಿಯುವುದನ್ನೇ ಕಾಯುತ್ತಾರೆ. ಫೆಬ್ರವರಿಯಲ್ಲಿ ಲೈಸೆನ್ಸ್ ಕೈಗೆ ಬಂದ ಹುಡುಗನೋ ಹುಡುಗಿಯೋ ಒಂದು ಹನಿ ಮಳೆಯಲ್ಲೂ ಗಾಡಿ ಓಡಿಸಿರುವುದಿಲ್ಲ. ಜೂನ್ ಬಂದಾಗ ರಸ್ತೆಯೇ ಬೇರೆ.

ವೇಗವೇ ಅಪಾಯ ಎಂದು ಎಲ್ಲರೂ ಹೇಳುತ್ತಾರೆ. ಹೊಸಬರ ಮಟ್ಟಿಗೆ ಅದು ಅರ್ಧ ಸತ್ಯ ಎನ್ನುವುದು ನನ್ನ ಅಭಿಪ್ರಾಯ. ಅವರು ನಿಧಾನವಾಗಿಯೇ ಹೋಗುತ್ತಿರುತ್ತಾರೆ; ಕೆಡಿಸುವುದು ಹಿಂದಿನವರ ಅವಸರ. ಕಂಡಕ್ಟರ್ 'ರೈಟ್ ಪೋಯಿ' ಎಂದದ್ದೇ ತಡ, ಟೈಮಿಂಗ್ ಹಿಂದೆ ಬಿದ್ದ ಸರ್ವಿಸ್ ಬಸ್ ಕನ್ನಡಿ ತುಂಬಾ ಬಂದು ನಿಲ್ಲುತ್ತದೆ. ಹಾರ್ನ್ ಕೇಳಿ ಗಾಬರಿಯಾದವರು ಒಂದೋ ಆಕ್ಸಿಲರೇಟರ್ ಒತ್ತುತ್ತಾರೆ, ಇಲ್ಲವೇ ಸಟ್ಟನೆ ಎಡಕ್ಕೆ ಎಳೆಯುತ್ತಾರೆ.

ಈ ಎಡಕ್ಕೆ ಎಳೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಳರಸ್ತೆಗಳಲ್ಲಿ ಡಾಮರಿನ ಅಂಚು ಮುಗಿದಲ್ಲಿ ಮಣ್ಣು ಕೊಚ್ಚಿಹೋಗಿ ಗೇಣುದ್ದದ ತಗ್ಗು ಬಿದ್ದಿರುತ್ತದೆ. ಎಡಚಕ್ರ ಅದಕ್ಕೆ ಇಳಿದೊಡನೆ ಗಾಡಿ ವಾಲುತ್ತದೆ; ಹೆದರಿದ ಕೈ ಸ್ಟೀರಿಂಗನ್ನು ಬಲಕ್ಕೆ ಜೋರಾಗಿ ತಿರುಗಿಸುತ್ತದೆ. ಅಂಚಿಗೆ ಒರೆಸಿಕೊಂಡು ತಡೆದಿದ್ದ ಚಕ್ರ ಒಮ್ಮೆಗೇ ಡಾಮರು ಹತ್ತಿದಾಗ, ಆಗಲೇ ಬಲಕ್ಕೆ ತಿರುಗಿ ನಿಂತಿದ್ದರಿಂದ, ಕಾರು ರಸ್ತೆಗೆ ಅಡ್ಡವಾಗಿ ಎದುರಿನವರ ಪಾಲಿಗೆ ನುಗ್ಗುತ್ತದೆ. ಇಳಿದುಹೋದರೆ ಇಳಿದುಹೋಗಲಿ. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕ್ ತುಳಿಯದೆ ವೇಗ ಸಾಯಲು ಬಿಡಬೇಕು. ಹಿಂದೆ ಮುಂದೆ ನೋಡಿಕೊಂಡು ಆಮೇಲೆ ನಿಧಾನಕ್ಕೆ ಹತ್ತಿದರಾಯಿತು. ಬಸ್ಸಿಗೆ ದಾರಿ ಬಿಡಲು ಅಂಗಡಿ ಮುಂದಿನ ಅಗಲ ಜಾಗವೋ ಬಸ್‌ಸ್ಟಾಪೋ ಬರುವವರೆಗೆ ನಿಮ್ಮ ವೇಗದಲ್ಲೇ ಹೋಗಿ, ಮೊದಲೇ ಇಂಡಿಕೇಟರ್ ಹಾಕಿ ಬದಿಗೆ ಸರಿಯಿರಿ. ಅಷ್ಟು ಹೊತ್ತು ಹಾರ್ನ್ ಕೇಳಿಸಿಕೊಳ್ಳುವ ಭಂಡತನ ಮಾತ್ರ ಬೇಕು.

ಮಳೆಗಾಲದ ಇನ್ನೊಂದು ಚಟ: ಜೋರು ಮಳೆ ಬಂದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವುದು. ಆಗ ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವನಿಗೆ ದೇವರೇ ಹೇಳಬೇಕು. ಚಲಿಸುವಾಗ ಹೆಡ್‌ಲೈಟ್ ಡಿಮ್‌ನಲ್ಲಿ ಉರಿದರೆ ಸಾಕು. ಕಾರಿನ ಟೈರಿನ ಕಚ್ಚು ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂಬುದು ನಿಯಮ. ನಮ್ಮ ಮಳೆಗೆ ಅದೂ ಕಡಿಮೆಯೇ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ, ಕಾಲು ಬ್ರೇಕಿಗೆ ತಲುಪುವ ಮೊದಲೇ ಅಷ್ಟು ದೂರ ಹೋಗಿರುತ್ತದೆ.

ಮೂಡುಬಿದಿರೆಯಲ್ಲಿ ಕಾಲೇಜು ಬಿಡುವ ಹೊತ್ತು ಬೈಕುಗಳು ಎಡದಿಂದಲೂ ತೂರಿ ಬರುತ್ತವೆ. ಕನ್ನಡಿ ಎರಡೂ ನೋಡದೆ ಅಲ್ಲಿ ಹೊರಳಬಾರದು. ಅಪ್ರಾಪ್ತ ಮಗನ ಕೈಗೆ ಕೀಲಿ ಕೊಟ್ಟು ಅಪಘಾತವೇನಾದರೂ ಆದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ಉಜಿರೆ ದಾಟಿ ಚಾರ್ಮಾಡಿಗೆ ಹೊರಟಿರಾದರೆ, ಹತ್ತಿದ ಗೇರಿನಲ್ಲೇ ಇಳಿಯಿರಿ ಎಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸರಿ. ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು, ಇದು ಸೌಜನ್ಯವಲ್ಲ, ನಿಯಮ. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಧರ್ಮಸ್ಥಳಕ್ಕೆ ನಡೆದು ಬರುವವರು ರಾತ್ರಿಯೂ ಈ ಘಾಟಿಯಲ್ಲಿರುತ್ತಾರೆ, ಗುಂಪುಗುಂಪಾಗಿ, ತಿರುವಿನ ಮರೆಯಲ್ಲೂ. ಆ ವಾರ ಹೊಸಬರು ಅಲ್ಲಿಗೆ ಅಭ್ಯಾಸಕ್ಕೆಂದು ಹೋಗದಿರುವುದೇ ವಾಸಿ.