ಎಳೆಯುವ ಪಿಕಪ್ಪಿಗೆ ದೊಡ್ಡ ಟೈರು ಬೇಕೆ?



ತಾಳವಾಡಿ ಕಡೆಯ ಕೇಳುಗರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಅವರದು ಷಾಮಿಯಾನದ ವ್ಯಾಪಾರ. ಕಂಬ, ಬಟ್ಟೆ, ಕುರ್ಚಿ, ಅಡಿಗೆ ಪಾತ್ರೆ ಎಲ್ಲ ಪಿಕಪ್ಪಿನ ಮೇಲೆ. ಅದರ ಹಿಂದೆ ಎರಡು ಗಾಲಿಯ ಟ್ರೈಲರಿನಲ್ಲಿ ಜನರೇಟರು. ಅದೇ ಸುಮಾರು ಒಂದು ಟನ್ನು. ಮದುವೆಯ ಕಾಲ, ಕೊಂಡದ ಕಾಲ ಬಂತೆಂದರೆ ವಾರಕ್ಕೆ ಎರಡು ಸಲ ದಿಂಬಂ ಘಾಟಿ ಇಳಿದು ಬಣ್ಣಾರಿ, ಸತ್ಯಮಂಗಲದ ಕಡೆಗೆ ಹೋಗಬೇಕು. ಈಗ ಟೈರು ಸವೆದಿದೆ. ಅಂಗಡಿಯವರು "ಇನ್ನೂ ದೊಡ್ಡ ಟೈರು ಹಾಕ್ಸಿ ಅಣ್ಣಾ, ಎಳೆಯೋಕೆ ಬಲ ಬರ್ತದೆ, ಗಾಡಿ ಎತ್ತರವಾಗಿ ಚೆನ್ನಾಗೂ ಕಾಣ್ತದೆ" ಎಂದರಂತೆ. ಹಾಕಿಸಲೋ ಬೇಡವೋ ಎಂಬುದು ಇವರ ಪ್ರಶ್ನೆ.

ಎತ್ತರವಾಗಿ ಚೆನ್ನಾಗಿ ಕಾಣುತ್ತದೆ ಎಂಬ ಮಾತು ನಿಜ. ಬಲ ಬರುತ್ತದೆ ಎಂಬ ಮಾತು ನಿಜವಲ್ಲ. ಬರುವ ಬದಲು ಇರುವ ಬಲವೇ ಕಡಿಮೆಯಾಗುತ್ತದೆ.

ಈ ನಂಬಿಕೆ ಎಲ್ಲಿಂದ ಬಂತೆಂದು ಊಹಿಸಬಹುದು. ಎತ್ತಿನ ಗಾಡಿಯ ಚಕ್ರ ದೊಡ್ಡದಾದಷ್ಟೂ ಎತ್ತಿಗೆ ಸುಲಭ. ಹಳ್ಳ ಬಂದರೂ ಕಲ್ಲು ಬಂದರೂ ಹತ್ತಿ ಇಳಿಯುತ್ತದೆ. ನಮ್ಮ ಹಿರಿಯರು ಕಂಡಿದ್ದು ಸರಿಯೇ. ಆದರೆ ಅಲ್ಲಿ ಎಳೆಯುವುದು ಎತ್ತು, ಚಕ್ರ ಸುಮ್ಮನೆ ಉರುಳುತ್ತದೆ. ಪಿಕಪ್ಪಿನಲ್ಲಿ ಎಳೆಯುವುದೇ ಚಕ್ರ. ಇಂಜಿನ್ನು ಗೇರುಗಳ ಮೂಲಕ ಆಕ್ಸಲ್ಲನ್ನು ತಿರುಚುತ್ತದೆ, ಆ ತಿರುಚುವ ಬಲ ಟೈರಿನ ಅಂಚಿಗೆ ಹೋಗಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಆಕ್ಸಲ್ಲಿನಿಂದ ನೆಲ ದೂರವಾದಷ್ಟೂ ತಳ್ಳುವ ಬಲ ಕಡಿಮೆ. ತುಂಬಿದ ಬಿಂದಿಗೆಯನ್ನು ಮೈಗೆ ಒತ್ತಿ ಹಿಡಿದು ಎತ್ತುವುದಕ್ಕೂ ಕೈ ಚಾಚಿ ಎತ್ತುವುದಕ್ಕೂ ಇರುವ ವ್ಯತ್ಯಾಸ ಇದು. ಬಿಂದಿಗೆ ಅದೇ, ತೋಳೂ ಅದೇ.

ಲೆಕ್ಕ ಹಾಕಿ ನೋಡೋಣ, ಒಂದು ಚೀಟಿ, ಪೆನ್ಸಿಲ್ಲು ಇಟ್ಟುಕೊಳ್ಳಿ. ಟೈರಿನ ಪಕ್ಕದಲ್ಲಿ 215/75 ಆರ್ 15 ಎಂದು ಇದೆ ಎನ್ನಿ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಭಾಗ. ಆರ್ ಎಂದರೆ ರೇಡಿಯಲ್. 15 ಎಂದರೆ ಒಳಗಿನ ಡಿಸ್ಕಿನ ವ್ಯಾಸ, ಅಂಗುಲದಲ್ಲಿ. ಮೂರು ಸಂಖ್ಯೆಯಲ್ಲಿ ಒಂದು ಮಿಲಿಮೀಟರು, ಒಂದು ಶೇಕಡಾ, ಒಂದು ಅಂಗುಲ! ಯಾರು ಹೀಗೆ ಕಲಸುಮೇಲೋಗರ ಮಾಡಿದರೋ, ಜಗತ್ತೆಲ್ಲ ಹಾಗೇ ಒಪ್ಪಿಕೊಂಡಿದೆ. ಕೂಡಿಸಿ ಗುಣಿಸಿದರೆ ಈ ಟೈರಿನ ಒಟ್ಟು ಎತ್ತರ 703 ಮಿಲಿಮೀಟರು ಚಿಲ್ಲರೆ.

ಇದರ ಬದಲು 235/75 ಆರ್ 15 ಹಾಕಿದರೆ ಎತ್ತರ 733 ಚಿಲ್ಲರೆ ಆಗುತ್ತದೆ. ಮೂರು ಸೆಂಟಿಮೀಟರು ಹೆಚ್ಚು, ಅಂದರೆ ನೂರಕ್ಕೆ ನಾಲ್ಕು. ಎಳೆಯುವ ಬಲ ನೂರಕ್ಕೆ ನಾಲ್ಕು ಹೋಯಿತು. ಇದು ಚಾಲಕನಿಗೆ ಅಷ್ಟಾಗಿ ಗೊತ್ತಾಗದು. ಆದರೆ ಅಂದಕ್ಕೆಂದು ಕೆಲವರು 31 ಅಂಗುಲದ ದಪ್ಪ ಟೈರು ಹಾಕಿಸುತ್ತಾರೆ. ಅದರ ಎತ್ತರ 787 ಮಿಲಿಮೀಟರು. ಈಗ ಎಳೆಯುವ ಬಲದಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಕಡಿತ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೇ ಗೇರು ಬೇಕು. ಜನರೇಟರು ಕಟ್ಟಿಕೊಂಡು ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿಯಬೇಕಾಗುತ್ತದೆ, ಪ್ಲೇಟು ಸುಡುತ್ತದೆ.

ಹತ್ತುವ ಕಷ್ಟಕ್ಕೆ ಹಣ ಹೋದೀತು ಅಷ್ಟೇ. ಇಳಿಯುವುದು ಬೇರೆ ವಿಷಯ.

ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳು. ಆ ದಾರಿ ಬಲ್ಲವರಿಗೆ ನಾನು ವರ್ಣಿಸಬೇಕಿಲ್ಲ. ಇಲ್ಲಿ ದೊಡ್ಡ ಟೈರು ಮೂರು ಕಡೆಯಿಂದ ಮೋಸ ಮಾಡುತ್ತದೆ. ಒಂದು, ಬ್ರೇಕು. ಬ್ರೇಕಿನ ಹಿಡಿತವೂ ಅದೇ ಆಕ್ಸಲ್ಲಿನ ಹತ್ತಿರ, ನೆಲ ಮಾತ್ರ ದೂರ. ಕಾಲಿನಲ್ಲಿ ಅಷ್ಟೇ ಒತ್ತಿದರೆ ಗಾಡಿಯನ್ನು ತಡೆಯುವ ಬಲ ಮೊದಲಿಗಿಂತ ಕಡಿಮೆ. ಎರಡು, ಗೇರಿನಲ್ಲಿ ಇಳಿಯುವಾಗ ಇಂಜಿನ್ನು ಹಿಡಿದು ನಿಲ್ಲಿಸುವ ಬಲವೂ ಅಷ್ಟೇ ಕಡಿಮೆ. ಮೂರನೆಯದು ಕಣ್ಣಿಗೆ ಕಾಣುವುದಿಲ್ಲ, ಅದು ಮೀಟರು. ಚಕ್ರ ಎಷ್ಟು ಸುತ್ತು ಸುತ್ತಿತು ಎಂಬುದನ್ನು ನೋಡಿ ಮೀಟರು ವೇಗ ಹೇಳುತ್ತದೆ. ಚಕ್ರ ದೊಡ್ಡದಾದದ್ದು ಅದಕ್ಕೆ ಗೊತ್ತಿಲ್ಲ. ಹಳೆಯ ಟೈರಿನಲ್ಲಿ ಅದು ಸರಿಯಾಗಿ 60 ತೋರಿಸುತ್ತಿದ್ದರೆ, 31 ಅಂಗುಲದ ಟೈರಿನಲ್ಲಿ 60 ಎಂದು ತೋರಿಸುವಾಗ ಗಾಡಿ 67ರಲ್ಲಿ ಓಡುತ್ತಿರುತ್ತದೆ. ಏಳು ಕಿಲೋಮೀಟರು ತಾನೇ ಎನ್ನಬೇಡಿ. ವೇಗ 60ರಿಂದ 67ಕ್ಕೆ ಏರಿದರೆ ಬ್ರೇಕು ಶಾಖವಾಗಿ ಕರಗಿಸಬೇಕಾದ ಶಕ್ತಿ ನೂರಕ್ಕೆ 25ರಷ್ಟು ಏರುತ್ತದೆ. ಬ್ರೇಕಿಗೆ ಬಲ ಕಡಿಮೆ, ಕೆಲಸ ಹೆಚ್ಚು. ಹಿಂದಿನಿಂದ ಒಂದು ಟನ್ನು ಜನರೇಟರು ಬೆನ್ನಿಗೆ ಕೈಯಿಟ್ಟು ತಳ್ಳುತ್ತಿರುತ್ತದೆ, ಅದಕ್ಕೆ ತನ್ನದೇ ಬ್ರೇಕು ಇಲ್ಲ.

ಒಮ್ಮೆ ನಮ್ಮ ಭಾವನವರ ಪಿಕಪ್ಪನ್ನು ಹೀಗೇ ದೊಡ್ಡ ಟೈರು ಹಾಕಿದ ಮೇಲೆ ನಾನು ಇಳಿಸಿದ್ದೆ. ಟ್ರೈಲರು ಕೂಡ ಇರಲಿಲ್ಲ, ಬರೀ ಕೋಸಿನ ಮೂಟೆ. ಅರ್ಧ ಘಾಟಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದಿರಬೇಕು ಎಂದುಕೊಂಡೆ. ಆಮೇಲಿನ ತಿರುವಿನಲ್ಲಿ ಪೆಡಲು ಮೆತ್ತಗೆ ಕೆಳಗೆ ಹೋಯಿತು, ಕೆಸರಿನಲ್ಲಿ ಕಾಲಿಟ್ಟ ಹಾಗೆ. ಪುಣ್ಯಕ್ಕೆ ಗೇರು ಎರಡರಲ್ಲಿತ್ತು. ಕೈಬ್ರೇಕು ಎಳೆದು, ಗುಡ್ಡದ ಬದಿಯ ಮಣ್ಣಿಗೆ ಒರಗಿಸಿ ನಿಲ್ಲಿಸಿದೆ. ಬ್ರೇಕು ಆರಲೆಂದು ಒಂದು ಗಂಟೆ ಕೂತೆವು. ಭಾವ ಆ ಹೊತ್ತಿನಲ್ಲಿ ಒಂದು ಮಾತೂ ಆಡಲಿಲ್ಲ. ಮರುವಾರ ಹಳೆಯ ಅಳತೆಯ ಟೈರು ಹಾಕಿಸಿದರು.

ಹಾಗಾದರೆ ಟೈರು ಬದಲಿಸುವಾಗ ಭಾರಕ್ಕೆ ಏನೂ ಮಾಡಬಾರದೆ? ಮಾಡಬೇಕು, ಆದರೆ ಅಳತೆಯಲ್ಲಿ ಅಲ್ಲ. ಟೈರಿನ ಅಳತೆಯ ಮುಂದೆ ಇನ್ನೊಂದು ಸಂಖ್ಯೆ, ಅದಕ್ಕಂಟಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಆ ಸಂಖ್ಯೆಯನ್ನು ಅಂಗಡಿಯವರು ಲೋಡ್ ಇಂಡೆಕ್ಸ್ ಎನ್ನುತ್ತಾರೆ. ನಾವು ಭಾರದ ಸಂಖ್ಯೆ ಎನ್ನೋಣ. 100 ಎಂದಿದ್ದರೆ ಆ ಒಂದು ಟೈರು 800 ಕಿಲೋ ಹೊರುತ್ತದೆ. 104 ಎಂದರೆ 900, 106 ಎಂದರೆ 950, 108 ಎಂದರೆ 1000 ಕಿಲೋ. ಎರಡು ಸಂಖ್ಯೆ ಓರೆಗೆರೆ ಹಾಕಿ ಬರೆದಿದ್ದರೆ ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಜೋಡಿ ಟೈರಿಗೆ. ಒಂದೇ ಅಳತೆಯಲ್ಲಿ ಬೇರೆ ಬೇರೆ ಭಾರದ ಸಂಖ್ಯೆಯ ಟೈರುಗಳು ಬರುತ್ತವೆ. ಕಾರಿಗೆ ಮಾಡಿದ್ದು ಬೇರೆ, ಸರಕು ಗಾಡಿಗೆ ಮಾಡಿದ್ದು ಬೇರೆ. ನೋಡಲು ದಪ್ಪಗಿರುವ ಟೈರಿನ ಸಂಖ್ಯೆ ಸಣ್ಣ ಟೈರಿಗಿಂತ ಕಡಿಮೆ ಇರುವುದೂ ಉಂಟು.

ಜನರೇಟರು ಹಿಂದೆ ಇರುವಾಗ ಪಿಕಪ್ಪಿನ ಟೈರಿಗೆ ಭಾರವೇನು ಎಂದು ಕೇಳಬಹುದು. ಎರಡು ಗಾಲಿಯ ಟ್ರೈಲರಿನ ಮೂಗು ನಮ್ಮ ಹುಕ್ಕಿನ ಮೇಲೆ ಕೂತಿರುತ್ತದೆ. ಟ್ರೈಲರಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಅಲ್ಲಿ ಕೂರಬೇಕು. ಕಡಿಮೆಯಾದರೆ ಓಡುವಾಗ ಟ್ರೈಲರು ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಒಂದು ಟನ್ನಿಗೆ 100 ಕಿಲೋ. ಆದರೆ ಹುಕ್ಕು ಇರುವುದು ಹಿಂದಿನ ಆಕ್ಸಲ್ಲಿನಿಂದಲೂ ಹಿಂದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಮೂರು ಮೀಟರು, ಹಿಂದಿನ ಚಕ್ರದಿಂದ ಹುಕ್ಕಿಗೆ 1.2 ಮೀಟರು ಎಂದಿಟ್ಟುಕೊಂಡರೆ, ಆ 100 ಕಿಲೋ ಹಿಂದಿನ ಚಕ್ರಗಳಿಗೆ 140 ಆಗಿ ಬೀಳುತ್ತದೆ, ಮುಂದಿನ ಚಕ್ರಗಳಿಂದ 40 ಕಿಲೋ ಎತ್ತುತ್ತದೆ. ಸ್ಟೇರಿಂಗು ಹಗುರಾಗುವುದು ಅದಕ್ಕೇ. ಮೇಲಿನ ಸಾಮಾನಿನ ಭಾರಕ್ಕೆ ಈ 140ನ್ನು ಸೇರಿಸಿ ಲೆಕ್ಕ ಹಾಕಬೇಕು. ಅದೇ ಅಳತೆಯಲ್ಲಿ 100ರ ಬದಲು 106ರ ಟೈರು ಸಿಕ್ಕರೆ ಹಿಂದಿನ ಜೋಡಿಗೆ 300 ಕಿಲೋ ತಾಳುವ ಶಕ್ತಿ ಹೆಚ್ಚಿತು. ಹಾಗೆಂದು ಗಾಡಿಯ ಮೇಲೆ ಇನ್ನೂ 300 ಕಿಲೋ ಹೇರಬಹುದು ಎಂದಲ್ಲ. ಪಟ್ಟಾ, ಆಕ್ಸಲ್ಲು, ಬ್ರೇಕು ಹಿಂದಿನವೇ ತಾನೆ.

ಟೈರು ದೊಡ್ಡದಾದರೆ ಹುಕ್ಕೂ ಮೇಲೇರುತ್ತದೆ. 31 ಅಂಗುಲದ್ದಾದರೆ ನಾಲ್ಕು ಸೆಂಟಿಮೀಟರಿಗೂ ಹೆಚ್ಚು. ಟ್ರೈಲರಿನ ಮೂಗು ಮೇಲಾಯಿತು, ಅದರ ಭಾರ ಹಿಂದಕ್ಕೆ ವಾಲಿತು, ಹುಕ್ಕಿನ ಮೇಲಿನ ತೂಕ ಇಳಿಯಿತು. ಮತ್ತೆ ಬಾಲ ಅಲ್ಲಾಡುವ ಕಥೆ. ಮಡ್‌ಗಾರ್ಡಿಗೆ ಟೈರು ಉಜ್ಜುವುದು, ಬೇರಿಂಗು ಬೇಗ ಹೋಗುವುದು, ಇವೆಲ್ಲ ಮೆಕ್ಯಾನಿಕ್ಕಿನವರು ನಿಮಗೆ ಹೇಳಿಯೇ ಹೇಳುತ್ತಾರೆ.

ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಗಾಳಿ ಎಂದಾಗ ನಮ್ಮ ಗಡಿನಾಡಿನ ಫಜೀತಿ ನೆನಪಾಗುತ್ತದೆ. ತಮಿಳರು ಕಾತ್ತು ಎನ್ನುತ್ತಾರೆ, ಕಾಸರಗೋಡಿನವರಿಗೆ ಅಂಗಡಿಯಲ್ಲಿ ಕಾಟ್ಟ್, ಜತ್ತ, ಅಕ್ಕಲಕೋಟೆ ಕಡೆ ಹವಾ. ಆದೋನಿ, ಮಡಕಶಿರಾದವರ ಪಾಡೇ ತಮಾಷೆಯದು: ತೆಲುಗಿನಲ್ಲಿ ಗಾಲಿ ಎಂದರೆ ಗಾಳಿ, ನಮಗೆ ಗಾಲಿ ಎಂದರೆ ಚಕ್ರ! ಏನೇ ಹೇಳಿ, ಎಷ್ಟು ಎಂಬ ಸಂಖ್ಯೆ ಮಾತ್ರ ನೀವೇ ಹೇಳಿ. ಚಾಲಕನ ಬಾಗಿಲಿನ ಕಂಬದ ಮೇಲೋ ಗಾಡಿಯ ಪುಸ್ತಕದಲ್ಲೋ ಖಾಲಿ ಗಾಡಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಎಂದು ಬರೆದಿರುತ್ತದೆ. ಟ್ರೈಲರು ಕಟ್ಟುವ ದಿನ ತುಂಬಿದ ಗಾಡಿಯ ಲೆಕ್ಕ. ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಬೇಕು. ಘಾಟಿ ಇಳಿದ ಮೇಲೆ ಟೈರು ಬಿಸಿಯಾಗಿ ಒತ್ತಡ ಏರಿರುತ್ತದೆ; ಜಾಸ್ತಿಯಾಯಿತೆಂದು ಆಗ ಬಿಡಬೇಡಿ. ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ, ಭಾರದ ಟೈರು ಸಿಡಿಯಲು ಅದೊಂದು ಮುಖ್ಯ ಕಾರಣ.

ಕಾಗದದಲ್ಲಿ ಇವರು ಕೇಳದೇ ಇದ್ದ ಒಂದು ಸಂಗತಿ ಉಂಟು. ಅದು ಟ್ರೈಲರಿನ ಟೈರು. ಪಿಕಪ್ಪಿಗೆ ಸಾವಿರಾರು ರೂಪಾಯಿ ಸುರಿಯುವ ನಾವು ಟ್ರೈಲರಿಗೆ ಯಾವುದೋ ಹಳೆಯ ಜೀಪಿನ ಟೈರು ಹಾಕಿ ಮರೆತುಬಿಡುತ್ತೇವೆ. ಜನರೇಟರು ಮಳೆಗಾಲವಿಡೀ ಒಂದೇ ಕಡೆ ನಿಂತಿರುತ್ತದೆ, ಬಿಸಿಲು ಒಂದೇ ಪಕ್ಕಕ್ಕೆ ಬೀಳುತ್ತದೆ. ಬಟನ್ನು ಹೊಸದರಂತಿದ್ದರೂ ಪಕ್ಕದ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ಟೈರಿನ ಒಂದು ಪಕ್ಕದಲ್ಲಿ ಉದ್ದ ಗೂಡಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಟೈರು ಕೊಳ್ಳುವಾಗಲೂ ಇದನ್ನು ಓದಿಯೇ ಹಣ ಕೊಡಿ. ಸೀಸನ್ನು ಮುಗಿದ ಮೇಲೆ ಟ್ರೈಲರಿಗೆ ಜಾಕಿ ಕೊಟ್ಟು ಇಟ್ಟಿಗೆಯ ಮೇಲೆ ನಿಲ್ಲಿಸಿ, ಟೈರಿಗೆ ಗೋಣಿ ಹೊದಿಸಿದರೆ ಆಯುಷ್ಯ ಹೆಚ್ಚುತ್ತದೆ.

ಕಾನೂನಿನ ಮಾತು ಚುಟುಕಾಗಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಟ್ರೈಲರಿಗೂ ಬೇರೆಯೇ ನೋಂದಣಿ ಬೇಕು. ಎರಡು ರಾಜ್ಯದ ಚೆಕ್‌ಪೋಸ್ಟು ದಾಟುವ ನಮಗೆ ಇದು ಪುಸ್ತಕದ ಮಾತಲ್ಲ. ಅಪಘಾತವಾದ ದಿನ ವಿಮೆಯವರು ಮೊದಲು ಹುಡುಕುವುದೂ ಇಂಥದ್ದನ್ನೇ.

ತಾಳವಾಡಿಯ ಗೆಳೆಯರೇ, ಅಂಗಡಿಗೆ ಹೋದಾಗ ಗಾಡಿಯ ಪುಸ್ತಕ ಜೊತೆಗಿರಲಿ. ಅದರಲ್ಲಿರುವ ಅಳತೆಯನ್ನೇ ಕೇಳಿ, ಸರಕು ಗಾಡಿಯ ಟೈರನ್ನು ಕೇಳಿ, ಭಾರದ ಸಂಖ್ಯೆ ಪುಸ್ತಕದಲ್ಲಿದ್ದಷ್ಟು ಅಥವಾ ಅದಕ್ಕಿಂತ ಹೆಚ್ಚಿರಲಿ. ಟಾರು ರಸ್ತೆಗೆ ನೇರ ಗೆರೆಯ ಬಟನ್ನು ಸಾಕು. ದಪ್ಪ ದಪ್ಪ ಗಂಟಿನ ಬಟನ್ನು ಹೊಲದ ಕೆಸರಿಗೆ ಹೊರತು ಮಳೆಯ ಘಾಟಿಗಲ್ಲ. ಹಾಗೆಯೇ ಆ ಪುಸ್ತಕದಲ್ಲಿ ನಿಮ್ಮ ಗಾಡಿ ಎಷ್ಟು ತೂಕ ಎಳೆಯಬಹುದು ಎಂದು ಬರೆದಿದೆಯೇ, ನೋಡಿ. ಒಂದು ಟನ್ನಿಗಿಂತ ಕಡಿಮೆ ಬರೆದಿದ್ದರೆ ಯಾವ ಟೈರು ಹಾಕಿದರೂ ಆಗದು, ಜನರೇಟರಿಗೆ ಬೇರೆ ಗಾಡಿಯೇ ಬೇಕು. ಹೊಸ ಟೈರು ಹಾಕಿಸಿ ಐವತ್ತು ಅರವತ್ತು ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ಟ್ರೈಲರಿನದನ್ನೂ ಸೇರಿಸಿ.