ಹಳೇ ಕಂಪ್ಯೂಟರ್‌ಗೆ ಕಾಸಿಲ್ಲದ ಚಿಕಿತ್ಸೆ

ಕಂಪ್ಯೂಟರ್ ಆನ್ ಮಾಡಿ, ಕಾಫಿ ಕುಡಿದು ಬಂದ್ರೂ ಚಕ್ರ ಸುತ್ತುತ್ತಲೇ ಇದ್ಯಾ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ.

ಅಲ್ಲಿ 'ಸ್ಟಾರ್ಟಪ್' ನೋಡಿ. ಕರೆಯದೇ ಬಂದು ಕೂತ ನೆಂಟರ ಪಟ್ಟಿ ಅದು: ಎಂದೋ ಗುಜರಿಗೆ ಹಾಕಿದ ಪ್ರಿಂಟರಿನ ಸಾಫ್ಟ್‌ವೇರ್, ಮೀಟಿಂಗ್ ಆ್ಯಪ್, ಗೇಮ್ ಲಾಂಚರ್. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸೇಬಲ್ ಕೊಡಿ. ಆ್ಯಪ್ ಅಳಿಸಿಹೋಗಲ್ಲ, ತಾನಾಗೇ ಶುರುವಾಗೋದು ನಿಲ್ಲುತ್ತೆ ಅಷ್ಟೇ. ಆಂಟಿವೈರಸ್ ಮಾತ್ರ ಮುಟ್ಟಬೇಡಿ.

ಈಗ ಬ್ರೌಸರ್. 4 ಜಿಬಿ ರ‍್ಯಾಮ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ರೆ ಮೆಮೊರಿ ತುಂಬಿ, ವಿಂಡೋಸ್ ಉಳಿದದ್ದನ್ನ ಹಾರ್ಡ್ ಡಿಸ್ಕ್‌ಗೆ ಸಾಗಿಸುತ್ತೆ. ಡಿಸ್ಕೋ, ರ‍್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ. ಮೌಸ್ ತಡವರಿಸೋದು ಆಗಲೇ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ 'ಮೆಮೊರಿ ಸೇವರ್' ಇದೆ, ಆನ್ ಮಾಡಿ.

ಫ್ಯಾನ್ ಕೂಗ್ತಿದ್ಯಾ? ಕರೆಂಟ್ ವೈರ್ ಕಿತ್ತು, ಗಾಳಿ ಕಿಂಡಿಯ ಧೂಳು ತೆಗೀರಿ. ಬಿಸಿಯಾದ ಪ್ರೊಸೆಸರ್ ತಾನೇ ವೇಗ ತಗ್ಗಿಸ್ಕೊಳ್ಳುತ್ತೆ.

'ಒಂದೇ ಕ್ಲಿಕ್‌ನಲ್ಲಿ ಸ್ಪೀಡ್' ಅನ್ನೋ ಆ್ಯಪ್‌ಗಳ ಸಹವಾಸ ಬೇಡ. ಅವೂ ಆ ನೆಂಟರ ಪೈಕಿಯೇ.

ಇನ್ನೂ ನಿಧಾನಾನಾ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಬದಲು ಹಾಕಬಹುದಾದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್, ಪೂರ್ತಿ ಉಚಿತ. ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಹಿಡಿಸಿದ್ರೆ, ಫೋಟೋಗಳ ಬ್ಯಾಕಪ್ ತಗೊಂಡು ಇನ್‌ಸ್ಟಾಲ್ ಮಾಡಿ.