ಬಟ್ಟಲಲ್ಲಿ ಉಳಿದ ಪೆಟ್ರೋಲು

ರೋಹಿಣಿ ಮಳೆ ಮುಗಿಯುವ ಹೊತ್ತಿಗೆ ಮಲೆನಾಡಿನ ಅನೇಕ ಮನೆಗಳಲ್ಲಿ ಒಂದು ಬೈಕು ಮೂಲೆ ಸೇರುತ್ತದೆ. ಅಪ್ಪ ಓಡಿಸುತ್ತಿದ್ದ ಯೆಜ್ಡಿ ಇರಬಹುದು, ಅಣ್ಣ ಕಾಲೇಜಿಗೆ ಒಯ್ಯುತ್ತಿದ್ದ ಆರ್‌ಎಕ್ಸ್ 100 ಇರಬಹುದು, ಇಲ್ಲವೇ ತೋಟಕ್ಕೆಂದು ಇಟ್ಟುಕೊಂಡ ಹಳೆಯ ಬುಲೆಟ್. ಜಾರುವ ಮಣ್ಣು ರಸ್ತೆ, ಧೋ ಎಂದು ಸುರಿಯುವ ಮಳೆ, ಹಳೆಯ ಡ್ರಮ್ ಬ್ರೇಕು ಇವಿಷ್ಟೂ ಸೇರಿದಾಗ ಬೈಕನ್ನು ನಾಲ್ಕು ತಿಂಗಳು ನಿಲ್ಲಿಸುವುದೇ ಜಾಣತನ. ತೊಳೆದು, ಒರೆಸಿ, ಟಾರ್ಪಾಲು ಹೊದಿಸಿ, ಕೊಟ್ಟಿಗೆಯ ಬದಿಗೆ ಒರಗಿಸಿದರೆ ಕೆಲಸ ಮುಗಿಯಿತೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮಳೆ ಬಿಟ್ಟ ಮೇಲೆ ಎಷ್ಟು ಕಿಕ್ ಹೊಡೆದರೂ ಅದು ಹತ್ತುವುದಿಲ್ಲ. ನೀರು ಕುಡಿದಿದೆ, ಥಂಡಿ ಹಿಡಿದಿದೆ ಎಂದು ಬೈಗುಳವೆಲ್ಲ ಮಳೆಯ ಪಾಲಾಗುತ್ತದೆ.

ಹೆಚ್ಚಿನ ಸಲ ತಪ್ಪು ಮಳೆಯದಲ್ಲ. ಕಾರ್ಬೊರೇಟರ್‌ನ ತಳದಲ್ಲಿರುವ ಸಣ್ಣ ಬಟ್ಟಲಲ್ಲಿ ಕೆಲವೇ ಚಮಚ ಪೆಟ್ರೋಲು ಉಳಿದುಬಿಟ್ಟಿರುತ್ತದೆ. ಬೈಕನ್ನು ಕೆಡಿಸುವುದು ಅದು. ಟ್ಯಾಂಕಿಗೆ, ಸೀಟಿಗೆ, ಕ್ರೋಮಿಗೆ ತೋರಿಸುವ ಕಾಳಜಿಯಲ್ಲಿ ಕಾಲು ಭಾಗವನ್ನು ಆ ಬಟ್ಟಲಿಗೆ ತೋರಿಸಿದರೆ ಹಳೆಯ ಬೈಕುಗಳ ಆಯಸ್ಸು ಎಷ್ಟೋ ವರ್ಷ ಹೆಚ್ಚುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆ ಬಟ್ಟಲಿನ ಕೆಲಸ ನೋಡಿ. ಟ್ಯಾಂಕಿನಿಂದ ಇಳಿದ ಪೆಟ್ರೋಲು ಮೊದಲು ಅಲ್ಲಿಗೆ ಬರುತ್ತದೆ. ಅದರಲ್ಲಿ ತೇಲುವ ಫ್ಲೋಟ್ ಮೇಲೇರುತ್ತಾ ಒಂದು ಸೂಜಿಯನ್ನು ಒತ್ತಿ ಪೆಟ್ರೋಲಿನ ದಾರಿ ಮುಚ್ಚುತ್ತದೆ. ಪೆಟ್ರೋಲು ಖರ್ಚಾದಂತೆ ಕೆಳಗಿಳಿದು ದಾರಿ ಬಿಡುತ್ತದೆ. ಹೀಗೆ ಬಟ್ಟಲಿನ ಮಟ್ಟ ಸದಾ ಒಂದೇ ಇರುತ್ತದೆ. ಮೇಲೆ, ಎಂಜಿನ್ ಎಳೆದುಕೊಳ್ಳುವ ಗಾಳಿ ಇಕ್ಕಟ್ಟಾದ ಕೊಳವೆಯಲ್ಲಿ ನುಗ್ಗುವಾಗ ಅದರ ವೇಗ ಏರಿ ಒತ್ತಡ ಇಳಿಯುತ್ತದೆ. ಇಟಲಿಯ ವೆಂಚೂರಿ ಹದಿನೆಂಟನೇ ಶತಮಾನದ ಕೊನೆಯಲ್ಲಿ ವಿವರಿಸಿದ್ದು ಇದನ್ನೇ; ಆ ಇಕ್ಕಟ್ಟಿಗೆ ಇವತ್ತಿಗೂ ಅವನದೇ ಹೆಸರು. ಒತ್ತಡ ಇಳಿದ ಜಾಗಕ್ಕೆ ಬಟ್ಟಲಿನ ಪೆಟ್ರೋಲು ಹಿತ್ತಾಳೆಯ ಜೆಟ್‌ಗಳ ಮೂಲಕ ಮೇಲೆದ್ದು, ತುಂತುರಾಗಿ ಗಾಳಿಯೊಂದಿಗೆ ಬೆರೆಯುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬಿದ್ದರೆ ಪೆಟ್ರೋಲು ಪೂರ್ತಿ ಉರಿಯುವ ಲೆಕ್ಕ. 1893ರಲ್ಲಿ ಹಂಗೇರಿಯ ಬಾಂಕಿ ಮತ್ತು ಚೊಂಕಾ, ಅದೇ ಕಾಲಕ್ಕೆ ಜರ್ಮನಿಯ ಮೈಬಾಖ್ ಈ ತುಂತುರಿನ ಉಪಾಯ ಕಂಡುಕೊಂಡರು. ತಂತಿ, ಸೆನ್ಸರ್, ಕರೆಂಟು ಯಾವುದೂ ಬೇಡದ ಈ ಅಚ್ಚುಕಟ್ಟು ಯಂತ್ರದ ಬಗ್ಗೆ ನನಗೆ ಇನ್ನೂ ಬೆರಗು ಕಳೆದಿಲ್ಲ.

ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಅತಿ ಸಣ್ಣ ತೂತುಗಳ ಮೇಲೆ. ಬೈಕು ನಿಂತಲ್ಲೇ ಮೆಲ್ಲಗೆ ಓಡುತ್ತಿರುವಾಗ ಪೆಟ್ರೋಲು ಒದಗಿಸುವ ಪೈಲಟ್ ಜೆಟ್‌ನ ಕಂಡಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ನಿಂತ ಪೆಟ್ರೋಲು ಸುಮ್ಮನೆ ಇರುವ ವಸ್ತುವಲ್ಲ. ಬೇಗ ಆವಿಯಾಗುವ, ಥಂಡಿಯಲ್ಲೂ ಥಟ್ಟನೆ ಹೊತ್ತಿಕೊಳ್ಳುವ ಹಗುರ ಅಂಶ ಮೊದಲು ಹಾರಿಹೋಗುತ್ತದೆ. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಅಂಟಾಗುತ್ತದೆ, ಆಮೇಲೆ ಕಂದು ಬಣ್ಣದ ವಾರ್ನಿಷ್ ಆಗಿ ಗಟ್ಟಿಯಾಗುತ್ತದೆ. ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸುವ ಯೆಜ್ಡಿಯಂಥ ಎರಡು ಸ್ಟ್ರೋಕಿನ ಗಾಡಿಗಳಲ್ಲಿ ಪಾಡು ಇನ್ನೂ ಕಷ್ಟ: ಪೆಟ್ರೋಲು ಆರಿದರೂ ಆಯಿಲ್ ಆರುವುದಿಲ್ಲ, ಬಟ್ಟಲಿನ ತಳದಲ್ಲಿ ಜೋನಿಬೆಲ್ಲದಂತೆ ಕೂತುಬಿಡುತ್ತದೆ. ಗ್ಯಾರೇಜಿನವರು ‘ಜೆಟ್ ಕಟ್ಟಿದೆ’ ಅನ್ನುವುದು ಇದಕ್ಕೇ.

ಪೂರ್ತಿ ಕಟ್ಟಿದರೆ ಗಾಡಿ ಹತ್ತುವುದಿಲ್ಲ, ಅಷ್ಟೇ. ಅರೆಬರೆ ಕಟ್ಟಿದರೆ ಅಪಾಯ ಹೆಚ್ಚು. ಪೈಲಟ್ ಜೆಟ್ ಅರ್ಧ ಮುಚ್ಚಿದ್ದರೆ ಚೋಕ್ ಎಳೆದರಷ್ಟೇ ಓಡುತ್ತದೆ, ಚೋಕ್ ತೆಗೆದ ಕೂಡಲೇ ಆರುತ್ತದೆ. ಜೋರಾಗಿ ಓಡಿಸುವಾಗ ಪೆಟ್ರೋಲು ಒದಗಿಸುವ ಮೇನ್ ಜೆಟ್ ಅರ್ಧ ಮುಚ್ಚಿದ್ದರೆ ಊರೊಳಗೆ ಏನೂ ಗೊತ್ತಾಗುವುದಿಲ್ಲ. ಘಾಟಿ ಏರುವಾಗ ಗಾಳಿ ಹೆಚ್ಚಾಗಿ, ಪೆಟ್ರೋಲು ಕಡಿಮೆಯಾಗಿ ಎಂಜಿನ್ ವಿಪರೀತ ಕಾಯುತ್ತದೆ. ಯೆಜ್ಡಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗಬೇಕಾದ್ದರಿಂದ, ಪೆಟ್ರೋಲು ಕಡಿಮೆಯಾದಷ್ಟೂ ಆಯಿಲ್ಲೂ ಕಡಿಮೆ. ಪಿಸ್ಟನ್ ಜಾಮ್ ಆಗುವ ದಾರಿ ಇದು. ಕೆಲವು ಚಮಚ ಹಳೆಯ ಪೆಟ್ರೋಲಿಗೆ ಸಿಲಿಂಡರ್ ಬೋರ್ ಮಾಡಿಸುವ ಖರ್ಚು.

ಈಗಿನ ಪೆಟ್ರೋಲು ಈ ತೊಂದರೆಗೆ ಇನ್ನೊಂದನ್ನು ಸೇರಿಸಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮಾವೇಶವೊಂದರಲ್ಲೇ ಪ್ರಧಾನಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಕಬ್ಬು ಬೆಳೆಯುವ ನಮ್ಮ ರಾಜ್ಯಕ್ಕೆ ಅದು ಆದಾಯದ ದಾರಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಳೆಯ ಕಾರ್ಬೊರೇಟರ್ ಆ ಇಂಧನಕ್ಕಾಗಿ ಹುಟ್ಟಿದ್ದಲ್ಲ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿಯವರೆಗೆ ಆ ನೀರನ್ನು ತನ್ನೊಳಗೆ ಕರಗಿಸಿಟ್ಟುಕೊಂಡು, ಮಿತಿ ದಾಟಿದಾಗ ನೀರಿನ ಸಮೇತ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ, ಒಣಗಲು ಹಾಕಿದ ಬಟ್ಟೆ ವಾರವಾದರೂ ಹಸಿಯೇ ಇರುವ ದಿನಗಳಲ್ಲಿ ಅದಕ್ಕೆ ತೇವದ ಕೊರತೆಯೇ ಇಲ್ಲ. ತಳದಲ್ಲಿ ಕೂತ ಆ ನೀರು ಸತು ಬೆರೆತ ಲೋಹದ ಕಾರ್ಬೊರೇಟರನ್ನು ಒಳಗಿಂದ ತಿನ್ನುತ್ತದೆ. ಬಟ್ಟಲು ಬಿಚ್ಚಿದಾಗ ಕಾಣುವ ಬಿಳಿ ಪುಡಿ ಅದರ ಗುರುತು. ಹಳೆಯ ರಬ್ಬರ್ ವಾಷರುಗಳು ಉಬ್ಬುತ್ತವೆ, ಪೈಪು ಬಿರುಕು ಬಿಡುತ್ತದೆ. ಬಟ್ಟಲಿನಿಂದ ಇಳಿಸಿದ್ದನ್ನು ಗಾಜಿನ ಶೀಸೆಗೆ ಹಿಡಿದು ಸ್ವಲ್ಪ ಹೊತ್ತು ಬಿಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕಿನಲ್ಲೂ ಅದೇ ಇದೆ ಎಂದು ತಿಳಿಯಬೇಕು.

ಹಾಗಾಗಿ ಮೃಗಶಿರಾ ಮಳೆ ಹಿಡಿಯುವ ಮುನ್ನ, ಬಿಸಿಲಿರುವ ಒಂದು ದಿನ ನೋಡಿಕೊಂಡು ಅಂಗಳದಲ್ಲೇ ಈ ಕೆಲಸಕ್ಕೆ ಕೂರಬೇಕು. ಜಗುಲಿಯಲ್ಲಿ, ಬಚ್ಚಲುಮನೆಯ ಹತ್ತಿರ ಖಂಡಿತ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ. ಹಂಡೆ ಒಲೆಯ ಕೆಂಡ ದೂರದಲ್ಲಿದ್ದರೂ ಅದನ್ನು ಮುಟ್ಟಬಲ್ಲದು. ಬೀಡಿ ಸೇದುವವರು ಆ ಹೊತ್ತು ದೂರವಿರಲಿ.

ಪುರುಸೊತ್ತಿಲ್ಲದವರು ಇಷ್ಟಾದರೂ ಮಾಡಿ: ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಇದ್ದದ್ದೆಲ್ಲ ಇಳಿಸಿಬಿಡಿ. ಕಾಕ್ ಮುಚ್ಚಿ ಗಾಡಿ ತಾನಾಗಿ ಆರುವವರೆಗೆ ಓಡಿಸಿದರೆ ಸಾಕು ಎನ್ನುವವರಿದ್ದಾರೆ. ಸಾಲದು. ಜೆಟ್‌ನ ಬಾಯಿಗೆ ಎಟುಕದಷ್ಟು ಪೆಟ್ರೋಲು ಇಳಿದಾಗ ಎಂಜಿನ್ ನಿಲ್ಲುತ್ತದೆ, ಆದರೆ ಅದರ ಕೆಳಗಿನದು ಹಾಗೇ ಉಳಿಯುತ್ತದೆ. ಕೆಡುಕು ಮಾಡುವುದು ಆ ಉಳಿಕೆಯೇ.

ಪುರುಸೊತ್ತಿದ್ದವರು ಕಾರ್ಬೊರೇಟರನ್ನು ಪೂರ್ತಿ ಬಿಚ್ಚಲಿ. ಬಿಚ್ಚುವ ಮುನ್ನ ಅದರ ಮೈಮೇಲಿನ ಮಣ್ಣು, ಜಿಡ್ಡನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಹೊರಗಿನ ಕೊಳೆಯೇ ಒಳಗೆ ಬೀಳುತ್ತದೆ. ಒಂದು ಬಿಳಿ ತಟ್ಟೆ ಇಟ್ಟುಕೊಂಡು ಬಿಚ್ಚಿದ ಕ್ರಮದಲ್ಲೇ ಒಂದೊಂದನ್ನೂ ಅದರಲ್ಲಿ ಜೋಡಿಸಿ, ಹಂತಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಏರ್ ಸ್ಕ್ರೂವನ್ನು ಒಮ್ಮೆಗೇ ತಿರುಗಿಸಿ ತೆಗೆಯಬಾರದು. ಮೊದಲು ಮೆತ್ತಗೆ ಒಳಕ್ಕೆ ತಿರುಗಿಸಿ, ತಳ ಮುಟ್ಟುವವರೆಗೆ ಎಷ್ಟು ಸುತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಆ ಗಾಡಿ ಇಷ್ಟು ವರ್ಷ ನೆಮ್ಮದಿಯಾಗಿ ಓಡಿದ ಲೆಕ್ಕ ಅದು. ತಳ ಮುಟ್ಟಿದ ಮೇಲೂ ಬಿಗಿದರೆ ಮೊನೆ ಕೆಡುತ್ತದೆ.

ಜೆಟ್‌ಗಳ ವಿಷಯದಲ್ಲಿ ನಾನು ಹಟಮಾರಿ. ಕ್ಲಚ್ ವೈರಿನ ಎಳೆ, ಸೇಫ್ಟಿ ಪಿನ್ನು, ಗುಂಡುಸೂಜಿ ಇವನ್ನು ತೂರಿಸಿ ಕಂಡಿ ಬಿಡಿಸುವ ರೂಢಿ ಎಷ್ಟೋ ಕಡೆ ಇದೆ. ಹಿತ್ತಾಳೆ ಮೆದು, ಉಕ್ಕು ಗಡುಸು. ಒಂದೆರಡು ಸಲ ಹೀಗೆ ತಿವಿದರೆ ಕಂಡಿ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಆಮೇಲೆ ಮೈಲೇಜು ಇಳಿಯಿತು, ಪ್ಲಗ್ ಕಪ್ಪಾಯಿತು ಎಂದು ವರ್ಷಗಟ್ಟಲೆ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಟ್ಟರೆ ಅಂಟು ಕರಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಊದಿಸಿ. ತಿವಿಯಲೇಬೇಕಾದರೆ ಗಾಳದ ನೈಲಾನ್ ದಾರ ಸಾಕು. ಜೆಟ್ಟನ್ನು ಬೆಳಕಿಗೆ ಹಿಡಿದಾಗ ದುಂಡನೆಯ ಸ್ವಚ್ಛ ಚುಕ್ಕಿ ಕಾಣಬೇಕು. ಕಾರ್ಬೊರೇಟರಿನ ಮೈಯೊಳಗೇ ಕೊರೆದ ಕಿರುದಾರಿಗಳನ್ನೂ ಮರೆಯುವಂತಿಲ್ಲ. ಒಂದು ತುದಿಯಲ್ಲಿ ಹೊಡೆದ ಸ್ಪ್ರೇ ಇನ್ನೊಂದು ತುದಿಯಲ್ಲಿ ಚಿಮ್ಮಿದರೆ ಮಾತ್ರ ದಾರಿ ತೆರೆದಿದೆ ಎಂದರ್ಥ. ಕಣ್ಣಿಗೆ ಕನ್ನಡಕವಿರಲಿ, ಆ ದ್ರವ ಕಣ್ಣಿಗೆ ಸಿಡಿದರೆ ಸುಡುತ್ತದೆ. ರಬ್ಬರಿನ ಬಿಡಿಭಾಗಗಳನ್ನು ಮೊದಲೇ ತೆಗೆದಿಡಬೇಕು, ಕ್ಲೀನರ್ ಅವನ್ನು ಹಾಳುಮಾಡುತ್ತದೆ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕಿದರೆ ಅದು ತೂತಾಗಿ ಪೆಟ್ರೋಲು ಕುಡಿದಿದೆ. ಹಿತ್ತಾಳೆಯ ಹಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿರುವಲ್ಲಿ ಗುಳ್ಳೆ ಏಳುತ್ತದೆ. ಬೆಸುಗೆಯ ಕೆಲಸ ಮಾತ್ರ ಬಲ್ಲವರ ಕೈಗೇ ಕೊಡಿ. ಒಳಗೆ ಆವಿ ಉಳಿದಿದ್ದರೆ ಸಿಡಿಯುತ್ತದೆ. ಫ್ಲೋಟ್ ಒತ್ತುವ ಸೂಜಿಯ ಮೊನೆಯ ಸುತ್ತ ಉಂಗುರದಂಥ ಸವೆದ ಗೆರೆ ಕಂಡರೆ ಸೂಜಿ ಬದಲಿಸುವ ಹೊತ್ತು ಬಂದಿದೆ. ಕಾಕ್ ತೆರೆದ ಕೂಡಲೇ ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕುವ ಗಾಡಿಗಳ ರೋಗ ಬಹುಮಟ್ಟಿಗೆ ಇದೇ.

ಎಲ್ಲ ಒರೆಸಿ, ಒಣಗಿಸಿ, ಮರಳಿ ಜೋಡಿಸಿ ಬಟ್ಟಲನ್ನು ಬರಿದಾಗಿಯೇ ಬಿಡಬೇಕು. ಟ್ಯಾಂಕಿನ ಬಗ್ಗೆ ಎರಡು ಮತಗಳಿವೆ. ತಗಡಿನ ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗಿನ ತೇವಗಾಳಿ ತಣ್ಣಗಾದಾಗ ಹನಿಗಟ್ಟಿ ತುಕ್ಕು ಹಿಡಿಸುತ್ತದೆ, ಆದ್ದರಿಂದ ಕಂಠಮಟ್ಟ ತುಂಬಿಸಿ ಎನ್ನುವುದು ಹಳೆಯ ಬುದ್ಧಿಮಾತು. ಎಥನಾಲ್ ಇಲ್ಲದ ಕಾಲಕ್ಕೆ ಅದು ಸರಿಯೇ ಇತ್ತು. ಈಗ ಮಲೆನಾಡು, ಕರಾವಳಿಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಪೂರ್ತಿ ಖಾಲಿ ಮಾಡಿ, ಒಂದಿಷ್ಟು ಎಂಜಿನ್ ಆಯಿಲ್ ಹಾಕಿ ಒಳಗೋಡೆಗೆಲ್ಲ ಸವರುವಂತೆ ಹೊರಳಾಡಿಸಿ, ಮುಚ್ಚಳ ಬಿಗಿಯುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಇಳಿಸಿದ ತಾಜಾ ಪೆಟ್ರೋಲನ್ನು ದಿನಬಳಕೆಯ ಗಾಡಿಗೆ ಹಾಕಿ ಖರ್ಚು ಮಾಡಿ. ಆಯಿಲ್ ಬೆರೆತದ್ದಾದರೆ ಎರಡು ಸ್ಟ್ರೋಕಿನ ಗಾಡಿಗೇ ಮೀಸಲು. ತೋಟದ ಬಸಿಗಾಲುವೆಗೆ, ಬಾವಿಕಟ್ಟೆಯ ಬಳಿಗೆ ಒಂದು ಹನಿಯೂ ಹೋಗಬಾರದು.

ಮುಚ್ಚುವ ಕೆಲಸ ಇನ್ನೂ ಸ್ವಲ್ಪ ಇದೆ. ಸೈಲೆನ್ಸರಿನ ಬಾಯಿ, ಓವರ್‌ಫ್ಲೋ ಪೈಪಿನ ತುದಿ ತೆರೆದಿದ್ದರೆ ಕುಂಬಾರ ಹುಳು ಬಂದು ಮಣ್ಣಿನ ಗೂಡು ಕಟ್ಟುತ್ತದೆ. ಏರ್ ಫಿಲ್ಟರಿನ ಡಬ್ಬಿ ಇಲಿಗೆ ಇಷ್ಟ. ಬಟ್ಟೆ ಸುತ್ತಿ ಕಟ್ಟಿ, ಕಟ್ಟಿದ್ದು ಮರೆಯದಂತೆ ಹ್ಯಾಂಡಲಿಗೆ ಚೀಟಿ ಅಂಟಿಸಿ.

ಚಳಿದೇಶಗಳಲ್ಲಿ ಇದೇ ಕೆಲಸ ಅಕ್ಟೋಬರ್–ನವೆಂಬರಿನಲ್ಲಿ ನಡೆಯುತ್ತದೆ. ಹಿಮ, ರಸ್ತೆಗೆ ಸುರಿಯುವ ಉಪ್ಪು ಎರಡಕ್ಕೂ ಹೆದರಿ ಅಲ್ಲಿನವರು ಬೈಕನ್ನು ವಸಂತದವರೆಗೆ ಮನೆಯೊಳಗೆ ಇಡುತ್ತಾರೆ. ಜರ್ಮನಿಯಲ್ಲಿ 1997ರಿಂದ ಋತುವಿನ ನಂಬರ್ ಪ್ಲೇಟೇ ಇದೆ: ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಗಾಡಿ ರಸ್ತೆಗಿಳಿಯಬಹುದು ಎಂಬುದು ಪ್ಲೇಟಿನ ಮೇಲೇ ಅಚ್ಚಾಗಿರುತ್ತದೆ, ತೆರಿಗೆ ಆ ತಿಂಗಳುಗಳಿಗಷ್ಟೇ. ಅಲ್ಲಿನ ಹಳೆಯ ಬೈಕುಗಳ ಸವಾರರಿಗೆ ಚಳಿಗೆ ಮುನ್ನ ಬಟ್ಟಲು ಬರಿದು ಮಾಡುವುದು ವರ್ಷದ ವಾಡಿಕೆ. ನಮ್ಮಲ್ಲಿ ಮಳೆಗಾಲಕ್ಕೆ ಅಂಥ ವಾಡಿಕೆ ಬೆಳೆಯಲೇ ಇಲ್ಲ.

ಮಳೆ ನಿಂತ ಮೇಲೆ ಮೊದಲ ಸಲ ಹೊರಡಿಸುವಾಗ ಅವಸರ ಬೇಡ. ಕಟ್ಟಿದ ಬಟ್ಟೆಗಳನ್ನೆಲ್ಲ ಬಿಚ್ಚಿ, ಟ್ಯಾಂಕಿನ ಆಯಿಲ್ಲನ್ನು ಪೆಟ್ರೋಲಿನಿಂದ ಜಾಲಿಸಿ ತೆಗೆದು, ಹೊಸ ಪೆಟ್ರೋಲು ಹಾಕಿ ಕಾಕ್ ತೆರೆಯಿರಿ. ಬಟ್ಟಲು ತುಂಬಲು ಸ್ವಲ್ಪ ಹೊತ್ತು ಕೊಟ್ಟು, ಎಲ್ಲೂ ಸೋರುತ್ತಿಲ್ಲವೆಂದು ನೋಡಿ, ಪ್ಲಗ್ ಒರೆಸಿ ಹಾಕಿ, ಆಮೇಲೆ ಕಿಕ್ ಹೊಡೆಯಿರಿ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಮರೆಯಾಯಿತು. ಮರಳಿ ಬಂದಿರುವ ಹೊಸ ಜಾವಾ, ಯೆಜ್ಡಿಗಳೂ ಫ್ಯುಯೆಲ್ ಇಂಜೆಕ್ಷನ್‌ನವೇ. ಲ್ಯಾಪ್‌ಟಾಪ್ ಜೋಡಿಸಿ ರೋಗ ಹುಡುಕುವುದನ್ನು ಕಲಿತ ಹುಡುಗರಿಗೆ ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ತಿದ್ದುವುದನ್ನು ಕಲಿಸುವವರು ಕಡಿಮೆಯಾಗುತ್ತಿದ್ದಾರೆ. ಹಾಗಿದ್ದರೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆಂದು ಹೊಗೆಯುಗುಳುತ್ತಾ ಬಂದು ಸೇರುವ ಗಾಡಿಗಳನ್ನು ನೋಡಿದರೆ, ಈ ವಿದ್ಯೆ ಬೇಕಾದವರು ಇನ್ನೂ ಇದ್ದಾರೆ ಎಂದು ಗೊತ್ತಾಗುತ್ತದೆ. ಮನೆಯ ಮಕ್ಕಳನ್ನು ಈ ಕೆಲಸಕ್ಕೆ ಜೊತೆಗೆ ಕೂರಿಸಿಕೊಳ್ಳಿ. ಕೈಯಲ್ಲಿ ಹಿಡಿದು, ಬಿಚ್ಚಿ, ಕಣ್ಣಾರೆ ಅರ್ಥ ಮಾಡಿಕೊಳ್ಳಬಹುದಾದ ಯಂತ್ರಗಳು ಅವರ ಸುತ್ತ ಹೆಚ್ಚು ಉಳಿದಿಲ್ಲ.

ಕೊನೆಗೊಂದು ವಿನಂತಿ, ಬೈಕಿನ ಮಾಲೀಕರಿಗೆ. ರಿಪೇರಿ ಕಿಟ್ ಹಾಕಿಸಿದಾಗ ಗ್ಯಾರೇಜಿನಲ್ಲಿ ಹಳೆಯ ಜೆಟ್‌ಗಳನ್ನು ಬಿಟ್ಟು ಬರಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಪೇಟೆಯವರೆಗೆ ಸಿಗುವ ನಕಲಿ ಕಿಟ್‌ಗಳಲ್ಲಿ ಜೆಟ್‌ನ ಮೇಲೆ ಕೊರೆದ ನಂಬರಿಗೂ ಕಂಡಿಯ ಅಳತೆಗೂ ತಾಳೆಯಾಗದೆ ಇರಬಹುದು. ಗ್ಯಾಸ್ಕೆಟ್, ವಾಷರ್, ಸೂಜಿ ಹೊಸತು ಹಾಕಿಸಿ. ಜೆಟ್‌ಗಳು ತಿವಿಸಿಕೊಳ್ಳದೆ ಸರಿಯಾಗಿದ್ದರೆ ಅವನ್ನೇ ತೊಳೆದು ಮತ್ತೆ ಕೂರಿಸಿ ಎಂದು ಹೇಳಿ. ಹೊಸ ಜೆಟ್ ಹಾಕಿಸಲೇಬೇಕಾದರೂ ಹಳೆಯದನ್ನು ಕಾಗದದಲ್ಲಿ ಸುತ್ತಿ, ಗಾಡಿಯ ಹೆಸರು, ಜೆಟ್‌ನ ನಂಬರು, ಏರ್ ಸ್ಕ್ರೂವಿನ ಸುತ್ತು ಬರೆದು ಒಂದು ಡಬ್ಬಿಯಲ್ಲಿ ಎತ್ತಿಡಿ. ಕಂಪನಿಯವರು ಕೊರೆದ ಆ ಅಳತೆ ಇವತ್ತು ಹಣ ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ.